ತವರಿನ ಕುರುಹು

ಸತ್ತವರು ಮಾತನಾಡತೊಡಗಿದ ಮೇಲೆ ಬೀಗರ ಜಗಳಗಳು ಮುಗಿಯುವುದೇ ನಿಂತುಹೋಯಿತು. ಮೊದಲಾದರೆ ಮಣ್ಣಿನ ಜೊತೆಗೆ ಒಂದಿಷ್ಟು ಮಾತೂ ಮುಚ್ಚಿಹೋಗುತ್ತಿತ್ತು. ಈಗ ಹಾಗಿಲ್ಲ. ಗೋಡೆಯಲ್ಲಿ ಹಣತೆ ಇಡುತ್ತಿದ್ದ ಜಾಗಕ್ಕೆ ದನಿಗೂಡು ಬಂದಿತ್ತು. ಹೋದವರು ಅದರೊಳಗಿಂದ ಊಟವಾಯಿತೇ ಎಂದು ಕೇಳುತ್ತಿದ್ದರು, ನಿನ್ನೆ ಹೇಳಿದ್ದನ್ನು ಇವತ್ತಿಗೂ ನೆನಪಿಡುತ್ತಿದ್ದರು, ಸಿಟ್ಟು ಬಂದರೆ ಸುಮ್ಮನಾಗುತ್ತಿದ್ದರು.

ಬದುಕಿದ್ದಾಗ ಆಡಿದ ಮಾತನ್ನೆಲ್ಲ ವರ್ಷಗಟ್ಟಲೆ ಕೇಳಿ ಕಲಿತು ಯಂತ್ರ ಕಟ್ಟಿದ ದನಿ ಅದು. ಮೊದಮೊದಲು ಮನೆಗೊಂದು ಪ್ರತಿ ಮಾಡಿಕೊಟ್ಟರು. ಸ್ವಲ್ಪ ದಿನಕ್ಕೇ ಫಜೀತಿಯಾಯಿತು. ಅಣ್ಣನ ಮನೆಯಲ್ಲಿದ್ದ ತಂದೆ ಹೊಲ ಅಣ್ಣನದೆಂದರೆ ತಮ್ಮನ ಮನೆಯಲ್ಲಿದ್ದ ತಂದೆ ತಮ್ಮನದೆಂದ. ಎರಡು ಪ್ರತಿಗಳು ಎರಡು ಮನೆಯ ಮಾತು ಕೇಳಿ ಕೇಳಿ ಇಬ್ಬರು ಮನುಷ್ಯರಾಗಿಬಿಟ್ಟಿದ್ದವು.

ಆದ್ದರಿಂದ ಕಾನೂನು ಬಂತು. ಸತ್ತವರೊಬ್ಬರಿಗೆ ದನಿ ಒಂದೇ. ಅದು ಮೂಲ. ಅದನ್ನು ಯಾವುದಾದರೂ ಒಂದು ಮನೆಯ ಹೆಸರಿನಲ್ಲಿಡಬೇಕು. ಉಳಿದ ಮನೆಗಳಿಗೆ ಸಿಗುವುದು ಕುರುಹು. ಕುರುಹಿನೊಳಗೆ ದನಿಯೂ ಇಲ್ಲ, ನೆನಪೂ ಇಲ್ಲ. ಮೂಲ ಎಲ್ಲಿದೆಯೆಂಬ ವಿಳಾಸ ಮಾತ್ರ ಇರುತ್ತದೆ. ಬಂದವನನ್ನು ಅದು ಸದ್ದಿಲ್ಲದೆ ಮೂಲದ ಮುಂದೆ ಒಯ್ದು ನಿಲ್ಲಿಸುತ್ತದೆ. ಮೂಲ ಅಳಿಯಿತೋ, ಕುರುಹು ಬಯಲಿಗೆ ಬೆರಳು ತೋರಿಸುತ್ತ ನಿಲ್ಲುತ್ತದೆ. ಮದುವೆಯಾದ ಹೆಣ್ಣಿನ ಮೂಲ ಗಂಡನ ಮನೆಯಲ್ಲಿ, ತವರಿಗೆ ಕುರುಹು. ಇದನ್ನು ಕಾನೂನು ಹೇಳಿರಲಿಲ್ಲ. ಹೆಣದ ಮೇಲಿನ ಕೊನೆಯ ಸೀರೆ ತವರಿನದು, ಮಣ್ಣು ಗಂಡನ ಮನೆಯದು ಎಂಬ ರೂಢಿಯೇ ಯಂತ್ರದೊಳಕ್ಕೂ ನಡೆದು ಬಂದಿತ್ತು.

ಬೆಟಗೇರಿಯ ಅಡಿವೆಯ್ಯ ಕಪ್ಪತಗುಡ್ಡದ ಬುಡದಲ್ಲಿದ್ದ ದನಿಭಂಡಾರದಲ್ಲಿ ಕೆಲಸಕ್ಕಿದ್ದ. ಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗಿ ಕೊಟ್ಟ ವಿದ್ಯುತ್ತಿನಲ್ಲಿ ಸುತ್ತಲಿನ ಜಿಲ್ಲೆಗಳ ಸತ್ತವರೆಲ್ಲ ಅಲ್ಲಿ ತಣ್ಣಗೆ ಇದ್ದರು. ಕುರುಹುಗಳನ್ನು ನೋಡಿಕೊಳ್ಳುವುದು ಅಡಿವೆಯ್ಯನ ಪಾಲಿನ ಕೆಲಸ. ಅದಕ್ಕಾಗಿ ಅವನು ಶೆಲ್ ಸ್ಕ್ರಿಪ್ಟುಗಳನ್ನು ಬರೆದಿಟ್ಟಿದ್ದ. ಶೆಲ್ ಸ್ಕ್ರಿಪ್ಟೆಂದರೆ ಯಂತ್ರಕ್ಕೆ ಒಂದರ ಕೆಳಗೊಂದು ಬರೆದುಕೊಟ್ಟ ಅಪ್ಪಣೆ. ಯಂತ್ರ ಓದಿಕೊಂಡು ಮಾಡುತ್ತ ಹೋಗುತ್ತದೆ, ಯಾಕೆ ಎಂದು ಕೇಳುವುದಿಲ್ಲ. ಒಂದು ಸ್ಕ್ರಿಪ್ಟು ಹೊಸ ಕುರುಹು ನೆಡುತ್ತಿತ್ತು, ಮನೆ ಬದಲಿಸಿದವರ ಕುರುಹನ್ನು ಇನ್ನೊಂದು ತಿದ್ದುತ್ತಿತ್ತು, ಮೂಲ ಕಳೆದುಕೊಂಡ ಕುರುಹುಗಳನ್ನು ಮತ್ತೊಂದು ಗುಡಿಸಿ ಹಾಕುತ್ತಿತ್ತು.

ಆ ದಿನ ಮಧ್ಯಾಹ್ನ ಅವನ ಪರದೆಯ ಮೇಲೆ ಒಂದು ಐಕ್ಯದ ಅರ್ಜಿ ಬಂತು. ದನಿಯನ್ನು ಅಳಿಸಿಹಾಕುವುದಕ್ಕೆ ಭಂಡಾರದವರು ಇಟ್ಟ ಹೆಸರು ಐಕ್ಯ. ಬೇರೆಯವರ ಅರ್ಜಿಗಳನ್ನು ಅವನು ‘ಶಿವಾ’ ಎಂದು ಮುಂದಕ್ಕೆ ಕಳಿಸುತ್ತಿದ್ದ. ಇದನ್ನು ಕಳಿಸಲು ಕೈ ಬರಲಿಲ್ಲ. ಹೆಸರು ನೀಲಾಂಬಿಕಾ. ಮನೆ ನರೇಗಲ್ಲಿನದು. ಅರ್ಜಿದಾರ ಗಂಡ, ಪ್ರಭುಲಿಂಗ.

ಮೆದುಳುಜ್ವರದಲ್ಲಿ ತೀರಿಹೋದ, ಅಡಿವೆಯ್ಯನ ಒಬ್ಬಳೇ ಮಗಳು.

ಪಾಳಿಯ ಮೇಲ್ವಿಚಾರಕಿ ದಿಲ್‌ಶಾದಬಾಯಿ ಅವನ ಕುರ್ಚಿಯ ಹಿಂದೆ ಬಂದು ನಿಂತು ಓದಿದಳು. ಅವಳು ಹುಬ್ಬಳ್ಳಿಯವಳು, ಬಾಯಿ ಖಾರ.

“ಅಯ್ನೋರ, ಇದನ್ನ ನೀವು ಮುಟ್ಟಬ್ಯಾಡ್ರಿ. ನಾ ನೋಡ್ಕೋತೀನಿ.”

“ಏನ್ ನೋಡ್ಕೋತೀರಿ? ನನ್ನ ಮಗಳ ಕುತ್ತಿಗಿ ಒತ್ತೂದು ನೋಡ್ಕೋತೀರೇನು?”

“ಒತ್ತೂದು ನಾನಲ್ರಿ, ಅವರ ಮನಿ ಹಿರೇರ ಹೆಬ್ಬಟ್ಟು. ಅದಿನ್ನೂ ಬಿದ್ದಿಲ್ಲ.” ಅವಳು ಪರದೆಗೆ ಬೆರಳು ಮುಟ್ಟಿಸಿದಳು. “ನಿಮ್ಮ ಅಳಿಯಾಗ ಮುಂದಿನ ಸೋಮವಾರ ಮದುವಿ ಅಂತ ಬರದಾರ. ಹೊಸಾ ಹೆಣ್ಣಿನವರು ಮನ್ಯಾಗ ಹಳೇ ದನಿ ಇರಬಾರದು ಅಂದಿರಬೇಕು.”

“ಮೂಲಾ ತವರಿಗೆ ಕೊಟ್ಟರ ಆತಲ್ಲ?”

“ಕೊಟ್ಟರ ಆತು. ಕೊಡಬೇಕಾದವರು ಯಾರು? ಆ ಮನಿ ಹಿರೇಕಿ ಕಾಶವ್ವ. ಆಕೀನ ನೀವು ಮಣ್ಣಿನ ದಿನ ಕೊಲೆಗಡಕಿ ಅಂದು ಬಂದೀರಿ. ನನಗ ನೀವಽ ಹೇಳಿದ್ದು, ಮರತ್ರೇನು?”

ಅಡಿವೆಯ್ಯ ಮರೆತಿರಲಿಲ್ಲ. ಜ್ವರ ಏರಿದಾಗ ಬೀಗತಿ ಕಾಶವ್ವ ‘ಕಷಾಯಾ ಕುಡದ್ರ ಹೋಗತೈತಿ’ ಎಂದು ಸೊಸೆಯನ್ನು ಮನೆಯಲ್ಲೇ ಮಲಗಿಸಿದ್ದಳು. ದವಾಖಾನೆಗೆ ಒಯ್ಯುವಷ್ಟರಲ್ಲಿ ಕೆಲಸ ಮುಗಿದಿತ್ತು. ತವರಿನ ಇಳಕಲ್ ಸೀರೆ ಹೊದಿಸಲು ಹೋದ ದಿನ ಅವನು ಅಂಗಳದಲ್ಲಿ ನಿಂತು ಆ ಮಾತು ಆಡಿದ್ದ, ಆ ಮನೆಯ ನೀರು ಕುಡಿಯುವುದಿಲ್ಲ ಎಂದು ಆಣೆ ಇಟ್ಟು ಬಂದಿದ್ದ.

ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಾಗಲೇ ಗೂಡಿನಿಂದ ಮಗಳ ದನಿ ಬಂತು.

“ಅಪ್ಪಾ, ಬಂದ್ಯಾ? ಸಕ್ಕರಿ ಇಲ್ಲದ ಚಹಾ ಕುಡದ್ಯಾ, ಇಲ್ಲಾ ಕ್ಯಾಂಟೀನಿನ್ಯಾಗ ಪಾಕಾ ಕುಡದು ಬಂದ್ಯಾ?”

ಸಕ್ಕರೆ ಕಾಯಿಲೆ ಬಂದಂದಿನಿಂದ ನೀಲಾ ಅವನನ್ನು ಹೀಗೆಯೇ ಕಾಡುತ್ತಿದ್ದಳು. ಬದುಕಿದ್ದಾಗ ಫೋನಿನಲ್ಲಿ, ಈಗ ಗೂಡಿನಲ್ಲಿ. ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿ ಚಂದ್ರವ್ವನಿಗೆ ಅರ್ಜಿಯ ಸುದ್ದಿ ಹೇಳಿದ. ಸಣ್ಣ ಮನೆ. ಗೂಡು ಎದುರಿನ ಗೋಡೆಯಲ್ಲೇ ಇತ್ತು.

ಚಂದ್ರವ್ವ ಸೌಟನ್ನು ನೆಲಕ್ಕೆ ಬಡಿದಳು.

“ಒಮ್ಮೆ ಕೊಂದು ಸಾಕಾಗಲಿಲ್ಲೇನು ಆ ಮಾರಿಗೆ! ಆಕೀ ಬಾಯಾಗ ಹುಳಾ ಬೀಳಲಿ. ಆ ಮದುವಿ ಹಂದರ ಸುಟ್ಟು ಬೂದಿ ಆಗಲಿ. ಬರೂ ಸೊಸಿ ಆಕೀನ ಕೂದಲಾ ಹಿಡದು ಅಂಗಳಕ್ಕ ಎಳೀಲಿ!”

“ಅವ್ವಾ,” ಎಂದಳು ನೀಲಾ. “ನಾ ಕೇಳಾಕತ್ತೀನಿ.”

“ಕೇಳು! ನಿನಗೂ ಗೊತ್ತಾಗಲಿ ನಿಮ್ಮತ್ತಿ ಬಣ್ಣಾ!”

ಯಂತ್ರ ಮಾತನ್ನು ಕಲಿತಿತ್ತು, ಮುಚ್ಚಿಡುವುದನ್ನು ಕಲಿತಿರಲಿಲ್ಲ. ಕೇಳಿದ್ದನ್ನು ಕೇಳಿದವರಿಗೆ ಹೇಳುವುದೇ ದನಿಗಳ ಸ್ವಭಾವ. ಕುರುಹಿನ ಮುಂದೆ ಆಡಿದ ಮಾತು ಮೂಲದ ಕಿವಿಗೇ ಬೀಳುತ್ತದೆ. ಇದನ್ನು ಊರವರಿಗೆಲ್ಲ ತಿಳಿಸಿ ಹೇಳುವವನು ಅಡಿವೆಯ್ಯ. ತನ್ನ ಮನೆಯ ಗೂಡಿನ ಮುಂದೆ ಮಾತ್ರ ಅವನಿಗೆ ಅದು ಒಮ್ಮೆಯೂ ಹೊಳೆದಿರಲಿಲ್ಲ. ಮಗಳು ಇಲ್ಲೇ ಇದ್ದಾಳೆ, ನಮ್ಮ ಗೋಡೆಯಲ್ಲಿದ್ದಾಳೆ ಎಂದೇ ಗಂಡ ಹೆಂಡತಿ ಇಬ್ಬರೂ ನಡೆದುಕೊಂಡಿದ್ದರು. ನರೇಗಲ್ಲಿನವರೂ ಅಷ್ಟೇ.

ಊಟಕ್ಕೆ ಕೂಡುವ ಮೊದಲೇ ಫೋನು ಬಂತು.

“ಏನ್ ಬೀಗರ,” ಕಾಶವ್ವನ ದನಿ ತಣ್ಣಗಿತ್ತು, “ನನ್ನ ಬಾಯಾಗ ಹುಳಾ ಬೀಳಬೇಕಂತಲ್ಲ? ಹಂದರ ಸುಡಬೇಕಂತ. ಬೆಂಕಿಪೆಟ್ಟಿಗಿ ನೀವು ತರತೀರೋ, ನಾವಽ ಇಡೂದೋ?”

“ಕಾಶವ್ವಾ, ಮೂಲಾ ನಮಗ ಕೊಡ್ರಿ. ನಿಮಗ ಬ್ಯಾಡಾದದ್ದು ನಮಗಿರಲಿ.”

“ಯಾಕ ಕೊಡಬೇಕು? ಕುಂತು ದಿನಾ ನಮ್ಮನ್ನ ಬೈಯಾಕೇನು? ಬದುಕಿದ್ದಾಗೂ ಆ ಹುಡುಗೀಗೆ ಇದನ್ನಽ ಕಲಿಸಿದ್ರಿ. ಅತ್ತಿ ಏನಂದ್ಲು, ಗಂಡ ಏನ ತಂದಾ, ಹೇಳು, ಹೇಳು. ಆಕೀ ಬಾಯಿ ನಿಮ್ಮ ಮನಿ ಕಿಡಕಿ ಆಗಿತ್ತು.”

“ನೀವು ಕಡಿಮಿ ಕೇಳಿದ್ರೇನು? ತವರಿನವರು ಎಷ್ಟು ಬಂಗಾರ ಹಾಕತಾರ ಅಂತ ಕೇಳಿ ಕೇಳಿ ಆಕೀ ಜೀವಾ ತಿಂದ್ರಿ.”

“ಹೌದಲ್ಲ. ಇಬ್ಬರೂ ತಿಂದ್ವಿ. ಇನ್ನ ಸಾಕು. ಸೋಮವಾರದೊಳಗ ಮುಗಸ್ತೀನಿ.” ಫೋನು ಇಟ್ಟಳು.

ಅಡಿವೆಯ್ಯ ಗೂಡಿನ ಕಡೆಗೆ ನೋಡಿದ.

ಮರುದಿನ ನಸುಕಿನಲ್ಲಿ ಅವನು ಪೂಜೆಗೆ ಕುಳಿತ. ಅಂಗೈಯ ಮೇಲಿನ ಲಿಂಗವನ್ನು ನೋಡುತ್ತ ಹೋದರೆ ಬೇರೆ ದಿನ ಮನಸ್ಸು ನಿಲ್ಲುತ್ತಿತ್ತು. ಇದೂ ಕುರುಹೇ. ಇದರೊಳಗೆ ಶಿವ ಅಡಗಿದ್ದಾನೆಂದು ಹುಡುಕಬಾರದು, ಇದು ತೋರಿಸುವ ಕಡೆ ನೋಡಬೇಕು. ಅವನ ತಂದೆ ಹಾಗೆ ಕಲಿಸಿದ್ದ, ಅವನು ಮಗಳಿಗೆ ಹಾಗೆ ಕಲಿಸಿದ್ದ. ಮಗಳ ವಿಷಯದಲ್ಲಿ ಮಾತ್ರ ಅವನಿಗೆ ತೋರುವುದು ಸಾಲದಾಯಿತು, ಇರುವುದೇ ಬೇಕಾಯಿತು. ಅರ್ಧಕ್ಕೆ ಪೂಜೆ ಮುಗಿಸಿ ಎದ್ದ.

ಭಂಡಾರದಲ್ಲಿ ಕುಳಿತು ಅವನು ಬರೆದ ಸ್ಕ್ರಿಪ್ಟು ಚಿಕ್ಕದು, ಮೂರೇ ಅಪ್ಪಣೆ. ತವರಿನ ಹೆಸರಿನಲ್ಲಿರುವ ಕುರುಹನ್ನು ಕಿತ್ತು ಜಾಗ ಖಾಲಿ ಮಾಡು. ಗಂಡನ ಮನೆಯ ಹೆಸರಿನಲ್ಲಿರುವ ಮೂಲವನ್ನು ಎತ್ತಿ ಆ ಜಾಗಕ್ಕೆ ತಂದಿಡು. ಮೂಲವಿದ್ದ ಕಡೆ ತವರಿಗೆ ದಾರಿ ತೋರುವ ಕುರುಹೊಂದನ್ನು ನೆಡು. ಅಷ್ಟಾದರೆ ನರೇಗಲ್ಲಿನ ಗೂಡಿನಲ್ಲಿ ನೀಲಾ ಎಂದಿನಂತೆ ಮಾತನಾಡುತ್ತಾಳೆ, ಯಾರಿಗೂ ಗೊತ್ತಾಗುವುದಿಲ್ಲ. ಸೋಮವಾರದೊಳಗೆ ಕಾಶವ್ವ ಹೆಬ್ಬೆಟ್ಟೊತ್ತಿದಾಗ ಅಳಿಯುವುದು ಬರೀ ಕುರುಹು. ಮಗಳು ಬೆಟಗೇರಿಯಲ್ಲಿ ಉಳಿಯುತ್ತಾಳೆ.

ಕಳ್ಳತನವೆಂದು ಅವನಿಗೆ ಗೊತ್ತಿತ್ತು. ಕೊಲೆಗಡುಕರ ಮನೆಯಿಂದ ಕದ್ದರೆ ಶಿವ ಕೇಳಲಾರ ಎಂದು ಸಮಾಧಾನ ಮಾಡಿಕೊಂಡ.

ಅಪ್ಪಣೆ ಕೊಡುವ ಮೊದಲು ಮಗಳಿಗೊಂದು ಮಾತು ಹೇಳಬೇಕೆನಿಸಿತು. ಭಂಡಾರದ ಕಿವಿಯಂತ್ರ ಹಾಕಿಕೊಂಡು ಅವಳನ್ನು ಕರೆದ. “ನೀಲಾ, ಮನೀಗೆ ಕರಕೊಂಡು ಹೋಗಾಕ ಬಂದೀನವ್ವಾ.”

“ಒಂದೀಟು ತಡಿ ಅಪ್ಪಾ. ಅತ್ತಿ ಮಾತಾಡಾಕತ್ತಾರ.”

“ಈಗೇನು ಮಾತು?”

“ದಿನಾ ರೊಟ್ಟಿ ಬಡಿಯೂ ಹೊತ್ತಿಗೆ ನನ್ನ ಕೂಡ ಮಾತಾಡತಾರ. ಮುಗೀಲಿ, ತಡಿ.”

ಅವನ ಮೈ ಉರಿಯಿತು. ಕೊಲ್ಲಲು ಹೊರಟವಳಿಗೆ ದಿನಾ ಮಾತು ಬೇರೆ. ಆ ಹೆಂಗಸಿನ ಮಾತು ಮುಗಿಯುವವರೆಗೆ, ತನ್ನ ಮಗಳಿಗಾಗಿ ತಾನು ಬಾಗಿಲಲ್ಲಿ ಕಾಯಬೇಕು. ಬದುಕಿದ್ದಾಗ ಹಬ್ಬಕ್ಕೆ ಕರೆಯಲು ಹೋದಾಗಲೂ ಹೀಗೆಯೇ ಕಟ್ಟೆಯ ಮೇಲೆ ಕಾಯಿಸಿದ್ದರು. ‘ತಡಿಯೂದಿಲ್ಲ’ ಎಂದುಕೊಂಡು ಅವನು ಸ್ಕ್ರಿಪ್ಟನ್ನು ಓಡಬಿಟ್ಟ.

ಮಾತಿನ ನಡುವಿರುವ ದನಿಯನ್ನು ಯಂತ್ರ ಕದಲಿಸುವುದಿಲ್ಲ. ಯಾರ ಮಾತೂ ಅರ್ಧಕ್ಕೆ ತುಂಡಾಗಬಾರದೆಂದು ಭಂಡಾರದವರು ಮೊದಲ ದಿನವೇ ಹಾಕಿದ ಕಟ್ಟು ಅದು. ಅಡಿವೆಯ್ಯನಿಗೆ ಗೊತ್ತಿದ್ದದ್ದೇ. ಆದರೆ ಒಂದು ಅಪ್ಪಣೆ ನಡೆಯದಿದ್ದರೆ ಅಲ್ಲಿಗೇ ನಿಲ್ಲು ಎಂಬ ಸಾಲನ್ನು ಅವನು ಬರೆದಿರಲಿಲ್ಲ. ಪರರ ಸತ್ತವರಿಗಾಗಿ ಬರೆದ ಸ್ಕ್ರಿಪ್ಟುಗಳಲ್ಲೆಲ್ಲ ಆ ಸಾಲಿತ್ತು.

ಯಂತ್ರ ಮೊದಲನೆಯದನ್ನು ಮಾಡಿತು: ತವರಿನ ಕುರುಹು ಕಿತ್ತಿತು. ಎರಡನೆಯದಕ್ಕೆ ಆಗುವುದಿಲ್ಲ ಎಂದಿತು. ಮೂರನೆಯದಕ್ಕೆ ಹೋಯಿತು. ಕುರುಹು ನೆಡಬೇಕಾದ ಜಾಗದಲ್ಲಿ ಮೂಲ ಹಾಗೆಯೇ ಕುಳಿತಿತ್ತು. ವಿಧೇಯ ಯಂತ್ರ ಆ ಕುರುಹನ್ನು ಒಯ್ದು ಮೂಲದ ಒಳಗೇ ನೆಟ್ಟಿತು.

ಕೋಣೆಯ ಗಂಟೆ ಹೊಡೆದುಕೊಳ್ಳತೊಡಗಿತು.

ದಿಲ್‌ಶಾದಬಾಯಿ ಓಡಿ ಬಂದು ಪರದೆ ನೋಡಿದಳು. ಬೈಯಲು ಬಾಯಿ ತೆರೆದವಳು ಅವನ ಮುಖ ನೋಡಿ ಕ್ಷಣ ನಿಂತು, ಆಮೇಲೆ ಬೈದಳು.

“ಹಿರೇ ಮನುಷ್ಯಾ ಅಂತ ಇಡೀ ಭಂಡಾರ ನಿಮ್ಮ ಕೈಯಾಗ ಕೊಟ್ಟರ ಇದೇನ್ರೀ ಮಾಡಿದ್ದು? ಮಗಳು ಅಲ್ಲೇ ಅದಾಳ. ನಿಮ್ಮ ಮನಿ ದಾರಿ ಹೋತು.”

“ಮತ್ತ ನೆಡ್ರಿ ಬಾಯಿ. ಒಂದು ಕುರುಹು. ನಿಮ್ಮ ಕಾಲಿಗೆ ಬೀಳತೀನಿ.”

“ನನ್ನ ಕಾಲು ಬ್ಯಾಡ. ಬ್ಯಾರೆ ಮನ್ಯಾಗ ಹೊಸಾ ಕುರುಹು ನೆಡಾಕ ಮೂಲದ ಮನೀ ಹೆಬ್ಬಟ್ಟು ಬೇಕು, ಇಲ್ಲಾಂದ್ರ ಯಂತ್ರಾನ ತಗೊಳ್ಳಂಗಿಲ್ಲ. ಅದನ್ನ ಬರದವರೂ ನೀವಽ.” ಅವಳು ಅವನ ಕೊರಳಲ್ಲಿದ್ದ ಗುರುತಿನ ಚೀಟಿ ಕೇಳಿ ಇಸಿದುಕೊಂಡಳು. “ಹೋಗ್ರಿ. ಯಾರ ಕಾಲಿಗೆ ಬೀಳಬೇಕೋ ಅಲ್ಲಿ ಹೋಗಿ ಬೀಳ್ರಿ.”

ಮನೆಗೆ ಬಂದಾಗ ಚಂದ್ರವ್ವ ಗೂಡಿನ ಮುಂದೆ ನೆಲದ ಮೇಲೆ ಕುಳಿತಿದ್ದಳು. “ಆಗಲಿಂದ ಕರೀತೀನಿ. ಒಂದು ಉಸಿರೂ ಇಲ್ಲ. ಆ ಮಾರಿ ಒತ್ತೇ ಬಿಟ್ಲೇನು?”

“ಆಕೀ ಅಲ್ಲ. ನಾನು.”

ಅವನು ಹೇಳಿ ಮುಗಿಸುವವರೆಗೆ ಅವಳು ಕಣ್ಣು ಮಿಟುಕಿಸಲಿಲ್ಲ. ಆಮೇಲೆ ಎದ್ದು ಗೂಡಿಗೆ ಪರದೆ ಎಳೆದಳು. “ಮಣ್ಣು ಮಾಡಿದ್ದು ಅವರು ಅಂದುಕೊಂಡಿದ್ದೆ,” ಎಂದಳು. “ನೀವು ಹೋಗ್ರಿ ನರೇಗಲ್ಲಿಗೆ. ಹೆಬ್ಬಟ್ಟು ತರದಽ ಈ ಹೊಸ್ತಲಾ ದಾಟಬ್ಯಾಡ್ರಿ.”

ನರೇಗಲ್ಲಿನ ಮನೆಯ ಮುಂದೆ ಮದುವೆಯ ಹಂದರ ಹಾಕಿರಲಿಲ್ಲ. ಬಿಸಿಲು ಏರಿತ್ತು. ಕಾಶವ್ವ ಕಟ್ಟೆಯ ಮೇಲೆ ಕುಳಿತು ಹೆಸರುಕಾಳು ಹಸನು ಮಾಡುತ್ತಿದ್ದಳು. ಅವನನ್ನು ನೋಡಿದವಳೇ ಎದ್ದು ಹೋಗಿ ಬಾಗಿಲು ಎಳೆದು ಮುಚ್ಚಿ, ಮತ್ತೆ ಬಂದು ಕುಳಿತಳು.

“ಮೆಲ್ಲಕ ಮಾತಾಡ್ರಿ. ಒಳಗ ಆಕೀ ಅದಾಳ. ಕೇಳಿಸಿದ್ರ ಹೇಳಾಕ ಶುರು ಮಾಡತಾಳ.”

ಕೂಡು ಎನ್ನಲಿಲ್ಲ. ಅವನು ನಿಂತೇ ಇದ್ದ.

“ಕಾಶವ್ವಾ, ತಪ್ಪಾತು. ಮೂಲಾ ಕದಿಯಾಕ ಹೋಗಿ ನಮ್ಮ ಕುರುಹು ಕಿತ್ತೆ. ಒಂದು ಹೆಬ್ಬಟ್ಟು...”

“ಮುಂಜಾನೆ ಏನಾತು ಗೊತ್ತೇನು ನಿಮಗ?” ಅವಳು ಮೊರದಿಂದ ಕಣ್ಣೆತ್ತಲಿಲ್ಲ. “ಮಾತಾಡಾಕತ್ತಿದ್ವಿ. ನಡುವಽ ಆಕೀ ಸುಮ್ಮನಾದ್ಲು. ಆಮ್ಯಾಲೆ ಅಂತಾಳ, ಅತ್ತೀ, ನನ್ನೊಳಗ ತವರಮನಿ ದಾರಿ ತೋರಸೂ ಹಲಗಿ ಒಂದು ಬಂದು ನಿಂತೈತಿ, ಅದು ತೋರಿಸಿದಲ್ಲಿ ಹೋಗಿ ನೋಡಿದ್ರ ಮನೀನಽ ಇಲ್ಲ. ನಮ್ಮವ್ವಾ ಅಪ್ಪಾ ಏನಾದ್ರು, ಅಂತ. ಮತ್ತ ಮತ್ತ ಅದನ್ನಽ ಕೇಳತಾಳ. ನಾ ಏನ್ ಹೇಳಬೇಕು?”

ಅಡಿವೆಯ್ಯ ಕಟ್ಟೆಯ ಕಂಬ ಹಿಡಿದುಕೊಂಡ.

“ಐಕ್ಯಾ ಮಾಡೂದಂತ ನಾನಽ ಠರಾವು ಮಾಡಿದ್ದೆ. ಈಗೂ ನನ್ನ ಮಗಾ ಒಳಗಿಂದ ಹೊರಗ ಅದಕ್ಕಽ ಕುಣೀತಾನ. ಒತ್ತವ್ವಾ, ಒತ್ತವ್ವಾ ಅಂತ. ನಾ ಒಲ್ಲೆ ಅಂದೆ.” ಕಾಶವ್ವ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು. “ತವರಿದ್ದಾಕೀನ ಕಳಸಬೌದು. ತವರು ಅಳದಾಕೀನ ಮನಿಂದ ಹೊರಗ ಹಾಕಾಕ ಬರಂಗಿಲ್ಲ. ನಮ್ಮ ಅತ್ತಿ ಹಾಕಲಿಲ್ಲ, ಅವರ ಅತ್ತಿ ಹಾಕಲಿಲ್ಲ. ನಾ ಹಾಕಿದ್ರ ಈ ಮನೀಗೆ ಒಳ್ಳೇದಾಗೂದಿಲ್ಲ. ಮದುವಿ ಮುರದ್ರ ಮುರೀಲಿ.”

“ಹಂಗಾರ... ಉಳಸ್ತೀರಿ?”

“ಆಕೀಗೆ ತವರಿಲ್ಲದಷ್ಟು ದಿನ ಉಳಸ್ತೀನಿ.” ಈಗ ಅವಳು ಅವನ ಮುಖ ನೋಡಿದಳು. ಆ ನೋಟದಲ್ಲಿ ಕರುಣೆ ಇರಲಿಲ್ಲ. “ನಿಮಗ ಕುರುಹು ಬೇಕಂದ್ರ ತಗೋರಿ. ಹೆಬ್ಬಟ್ಟಿನ ಹಲಗಿ ಒಳಗೈತಿ, ತರತೀನಿ. ಆದ್ರ ಕುರುಹು ನಿಂತ ಗಳಿಗಿ ಆಕೀಗೆ ತವರು ಬಂತು. ಆಗ ನಾ ಯಾಕ ಇಟಗೋಬೇಕು? ನನ್ನ ಮಗನ ಸಂಸಾರ ನಾ ನೋಡಬೇಕಲ್ಲ. ನಿಮಗೊಂದು ಒತ್ತಿ, ಅವನಿಗೊಂದು ಒತ್ತತೀನಿ.”

“ಮೂಲಾ ನಮಗ ಕೊಟ್ಟರ ಇಬ್ಬರದೂ ಮುಗೀತೈತಿ!”

“ಮನೀತನಕ ಬಂದು ಕೇಳಿದ್ರ ಏನ್ ಮಾಡತಿದ್ದೆನೋ. ಕಳ್ಳಗ ಮಾತ್ರ ಕೊಡಂಗಿಲ್ಲ.”

ಅವಳು ಮೊರ ಕೆಳಗಿಟ್ಟು, ಮೊಣಕಾಲಿಗೆ ಕೈಯೂರಿ ಎದ್ದು, ಬಾಗಿಲು ತೆರೆದಳು. ಒಳಗಿನ ಕತ್ತಲೆಯಲ್ಲಿ ಗೂಡಿನ ಸಣ್ಣ ಬೆಳಕು ಕಾಣಿಸಿತು. ಒಂದು ಮಾತು ಆಡಿದರೆ ಸಾಕು, ಅಪ್ಪ ಅಳಿದಿಲ್ಲ ಎಂದು ಅವಳಿಗೆ ಗೊತ್ತಾಗುತ್ತದೆ. ಗೊತ್ತಾದರೆ ಮನೆಯವರಿಗೆಲ್ಲ ಹೇಳುತ್ತಾಳೆ. ತವರು ಇದೆ ಎಂದಾಗುತ್ತದೆ, ಕಾಶವ್ವ ಹೆಬ್ಬೆಟ್ಟು ಒತ್ತುತ್ತಾಳೆ.

“ಅತ್ತೀ,” ಒಳಗಿನಿಂದ ನೀಲಾ ಕೇಳಿದಳು, “ಯಾರು ಬಂದಾರ?”

ಕಾಶವ್ವ ಹೊಸ್ತಿಲ ಮೇಲೆ ನಿಂತು ಹಿಂದಿರುಗಿ ಅವನನ್ನು ನೋಡಿದಳು. ಉತ್ತರ ಅವನೇ ಕೊಡಲಿ ಎಂಬಂತೆ ಕಾಯ್ದಳು.

ಅಡಿವೆಯ್ಯ ಎದೆಯ ಮೇಲಿನ ಲಿಂಗವನ್ನು ಅಂಗಿಯ ಮೇಲಿನಿಂದಲೇ ಹಿಡಿದುಕೊಂಡು ಹಾಗೆಯೇ ನಿಂತ. ಆಮೇಲೆ ಹೆಗಲ ಮೇಲಿನ ವಸ್ತ್ರ ತೆಗೆದು ಎರಡೂ ಕೈಗಳಲ್ಲಿ ಜೋಳಿಗೆಯಂತೆ ಚಾಚಿದ. ಬಾಯಿ ತೆರೆಯಲಿಲ್ಲ.

ಕಾಶವ್ವನ ತುಟಿ ಸೊಟ್ಟಗಾಯಿತು. “ಯಾರೋ ಅಯ್ಯನವರು,” ಎಂದಳು ಒಳಕ್ಕೆ. “ಭಿಕ್ಷಾಕ್ಕ ಬಂದಾರ.”



“ಬರೀಗೈಲೆ ಕಳಸಬ್ಯಾಡ್ರಿ ಅತ್ತೀ. ಬಿಸಲಾಗ ಬಂದಾರ.”

“ಹಾಕತೀನಿ, ಹಾಕತೀನಿ. ದಾನಶೂರಳು ನೀ.” ಕಾಶವ್ವ ಒಳಗೆ ಹೋಗಿ ಒಂದು ಬೊಗಸೆ ಜೋಳ ತಂದು ಅವನ ವಸ್ತ್ರಕ್ಕೆ ಸುರಿದಳು. ಒಂದಿಷ್ಟು ಕಾಳು ನೆಲಕ್ಕೆ ಬಿದ್ದವು. “ಸೋಮವಾರಕ್ಕೊಮ್ಮೆ ಬರಬೌದು,” ಎಂದಳು ತಗ್ಗಿದ ದನಿಯಲ್ಲಿ. “ಬಾಯಿ ಬಿಟ್ಟಿರೋ, ಅವತ್ತಽ ಒತ್ತತೀನಿ.”

ಅವನು ತಲೆಯಾಡಿಸಿ, ಜೋಳ ಗಂಟು ಕಟ್ಟಿಕೊಂಡು ತಿರುಗಿದ.

“ಅತ್ತೀ,” ನೀಲಾಳ ದನಿ ಮತ್ತೆ ಬಂತು, ಎಂದಿಗಿಂತ ಮೆಲ್ಲಗೆ. “ಅಯ್ಯನವರಿಗೆ ಚಹಾ ಕೊಡೂದಾದ್ರ ಸಕ್ಕರಿ ಹಾಕಬ್ಯಾಡ್ರಿ.”

ಇಬ್ಬರೂ ನಿಂತಲ್ಲೇ ನಿಂತರು. ಕಾಶವ್ವ ಗೂಡಿನ ಕಡೆ ನೋಡಿದಳು, ಅಂಗಳದ ಕಡೆ ನೋಡಿದಳು. ಯಾಕೆ ಎಂದು ಕೇಳಿದ್ದರೆ ದನಿ ಹೇಳುತ್ತಿತ್ತೋ ಏನೋ. ಅವಳು ಕೇಳಲಿಲ್ಲ. ಗೊಣಗುತ್ತ ಒಳಗೆ ಹೋದಳು. ಪಾತ್ರೆಯ ಸದ್ದಾಯಿತು. ಬಹಳ ಹೊತ್ತಿನ ಮೇಲೆ ಬಂದು ಲೋಟವನ್ನು ಕಟ್ಟೆಯ ಮೇಲೆ ಕುಕ್ಕಿದಳು. ಚಹಾ ತುಳುಕಿತು.

ಆ ಮನೆಯ ನೀರು ಮುಟ್ಟುವುದಿಲ್ಲವೆಂದು ಆಣೆ ಇಟ್ಟವನು ಬಿಸಿಲಿನಲ್ಲಿ ನಿಂತು, ಸದ್ದಾಗದಂತೆ, ಗುಟುಕು ಗುಟುಕಾಗಿ ಕುಡಿದ.